ಇಂಗ್ಲಿಷ್ ನುಡಿಯ ಅಜ್ಞಾತವಾಸ

ನಮ್ಮ ಪಟ್ಟಣಗಳಲ್ಲಿ ಇಂಗ್ಲಿಷು ಕಲಿತವರ ಮನಸ್ಸಿನಲ್ಲಿ ಆ ಭಾಷೆಯನ್ನು ಕುರಿತು ಒಂದು ನಂಬಿಕೆ ಬಲವಾಗಿ ಬೇರೂರಿದೆ. ಇಂಗ್ಲಿಷು ಹುಟ್ಟಿನಿಂದಲೇ ರಾಜಭಾಷೆ. ಕಾನೂನು, ವಿಜ್ಞಾನ, ರಾಜ್ಯಭಾರ ಇವುಗಳಿಗೆಂದೇ ಅಳತೆ ತೆಗೆದು ಹೊಲಿದಂತಿರುವ ಭಾಷೆ. ದೇಶಭಾಷೆಗಳಿಗೆ ಒದಗದ ಯಾವುದೋ ಒಂದು ಸಾಮರ್ಥ್ಯ ಅದಕ್ಕೆ ಮೊದಲಿನಿಂದಲೂ ಇತ್ತು ಎಂಬುದೇ ಆ ನಂಬಿಕೆ. ಇದನ್ನು ಬಾಯಿಬಿಟ್ಟು ಹೇಳುವವರು ಕೆಲವರು. ಹೇಳದೆ ಒಳಗೊಳಗೇ ಒಪ್ಪಿಕೊಂಡಿರುವವರು ಬಹುಮಂದಿ. ಆದರೆ ಇಂಗ್ಲೆಂಡಿನಲ್ಲಿಯೇ ಸುಮಾರು ಮುನ್ನೂರು ವರ್ಷ ಕಾಲ ಈ ಮಾತುಗಳನ್ನೆಲ್ಲ ಫ್ರೆಂಚ್ ಭಾಷೆಯ ವಿಷಯವಾಗಿ ಹೇಳುತ್ತಿದ್ದರು. ಆಗ ಅರಮನೆಯಲ್ಲಿ ಫ್ರೆಂಚು, ದೇವಾಲಯದಲ್ಲಿ ಲ್ಯಾಟಿನು; ಇಂಗ್ಲಿಷಿಗೆ ಉಳಿದದ್ದು ಅಡಿಗೆಮನೆ, ಕೊಟ್ಟಿಗೆ ಮತ್ತು ಹೊಲ. ಪಾಂಡವರು ವಿರಾಟನಗರದಲ್ಲಿ ಒಬ್ಬ ಅಡಿಗೆಯವನಾಗಿ, ಒಬ್ಬ ಕುದುರೆ ನೋಡಿಕೊಳ್ಳುವವನಾಗಿ, ಒಬ್ಬ ದನ ಕಾಯುವವನಾಗಿ ಒಂದು ವರ್ಷ ತಲೆಮರೆಸಿಕೊಂಡಿದ್ದರು. ಇಂಗ್ಲಿಷ್ ನುಡಿಯ ಅಜ್ಞಾತವಾಸ ಅದಕ್ಕಿಂತ ಬಹು ದೀರ್ಘವಾದುದು. ಆ ಕಾಲದ ಕಥೆಯನ್ನೇ ನಾವು ಈ ಭಾಷಣದಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದೇವೆ. ಅದಕ್ಕೆ ಮೊದಲು ಪೂರ್ವಕಥೆಯನ್ನು ಸ್ವಲ್ಪ ಹೇಳದೆ ತೀರದು.

ಬ್ರಿಟನ್ ದ್ವೀಪದ ಪೂರ್ವನಿವಾಸಿಗಳು ಇಂಗ್ಲಿಷರಲ್ಲ; ಕೆಲ್ಟ್ ಜನ. ಅವರನ್ನು ಆಳುತ್ತಿದ್ದ ರೋಮನರು ಕ್ರಿ. ಶ. 410ರ ಸುಮಾರಿಗೆ ದ್ವೀಪವನ್ನು ಕೈಬಿಟ್ಟರು. ಆಮೇಲೆ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕುಗಳ ಕರಾವಳಿಯಿಂದ ಆಂಗ್ಲರು, ಸ್ಯಾಕ್ಸನರು, ಜೂಟರು ಎಂಬ ಜನರು ದೋಣಿಗಳಲ್ಲಿ ಬಂದು ನೆಲಸಿದರು. 731ರಲ್ಲಿ ತನ್ನ ಚರಿತ್ರೆಯನ್ನು ಬರೆದು ಮುಗಿಸಿದ ಬೀಡ್ ಎಂಬ ಸಂನ್ಯಾಸಿಯು ಈ ಆಗಮನವನ್ನು 449ರ ಸುಮಾರಿಗೆ ಇಟ್ಟಿದ್ದಾನೆ. ಹೀಗೆ ಬಂದವರ ಆಡುಮಾತುಗಳೇ ಇಂಗ್ಲಿಷಿನ ಮೂಲ. ಆ ಮಾತುಗಳಿಗೂ ನಮ್ಮ ದೇಶದ ಸಂಸ್ಕೃತಕ್ಕೂ ದೂರದ ದಾಯಾದಿತನ ಉಂಟೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಬುಡದಿಂದ ಹೊರಟಿರಬೇಕೆಂದು ಸರ್ ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನು. ಜರ್ಮನಿಯ ಯಾಕೋಬ್ ಗ್ರಿಮ್ಮನು 1822ರಲ್ಲಿ ಧ್ವನಿಗಳ ನಿಯಮವನ್ನೇ ತೋರಿಸಿಕೊಟ್ಟನು. ಪಿತೃ ಎಂಬಲ್ಲಿಯ ಪಕಾರ ಫಾದರ್ ಎಂಬಲ್ಲಿ ಫಕಾರವಾಗಿದೆ. ಪಾದ ಎಂಬುದು ಫುಟ್ ಆಗಿದೆ. ದಂತ ಎಂಬಲ್ಲಿಯ ದಕಾರ ಟೂತ್ ಎಂಬಲ್ಲಿ ಟಕಾರವಾಗಿದೆ. ಕನ್ನಡಕ್ಕೆ ಈ ನಂಟಿಲ್ಲ; ಅದರ ಕುಲ ಬೇರೆ.

ಕುಲ ಬೇರೆಯಾದರೂ ಆ ಹಳೆಯ ಇಂಗ್ಲಿಷಿನ ರೂಪವನ್ನು ನೋಡಿದರೆ ಈಗಿನ ಇಂಗ್ಲಿಷಿಗಿಂತ ನಮಗೆ ಅದೇ ಹೆಚ್ಚು ಪರಿಚಿತವೆಂದು ತೋರುತ್ತದೆ. ನಾವು ಕಲ್ಲು, ಕಲ್ಲಿನ, ಕಲ್ಲಿಗೆ ಎಂದು ವಿಭಕ್ತಿಪ್ರತ್ಯಯಗಳನ್ನು ಹಚ್ಚುವಂತೆ ಅವರು ಸ್ಟಾನ್, ಸ್ಟಾನೆಸ್, ಸ್ಟಾನೆ ಎನ್ನುತ್ತಿದ್ದರು. ಬಹುವಚನದಲ್ಲಿ ಸ್ಟಾನಸ್, ಸ್ಟಾನ, ಸ್ಟಾನುಮ್. ಸಂಸ್ಕೃತದಲ್ಲಿರುವಂತೆ 'ನಾವಿಬ್ಬರು', 'ನೀವಿಬ್ಬರು' ಎಂಬುದಕ್ಕೆ ಬೇರೆ ದ್ವಿವಚನ ಸರ್ವನಾಮಗಳಿದ್ದವು. ಲಿಂಗವೂ ಅರ್ಥವನ್ನು ಅನುಸರಿಸುತ್ತಿರಲಿಲ್ಲ. ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹೆಂಗಸು ಎಂಬರ್ಥದ ವೀಫ್ ನಪುಂಸಕಲಿಂಗ. ಹೆಂಡತಿಯನ್ನು ದಾರ ಎಂದು ಪುಲ್ಲಿಂಗದಲ್ಲಿಯೂ ಕಲತ್ರ ಎಂದು ನಪುಂಸಕದಲ್ಲಿಯೂ ಹೇಳುವ ಸಂಸ್ಕೃತವನ್ನು ಓದಿದವರಿಗೆ ಇದು ವಿಚಿತ್ರವಾಗಿ ಕಾಣಲಾರದು.

597ರಲ್ಲಿ ರೋಮಿನಿಂದ ಕ್ರೈಸ್ತಧರ್ಮ ಬಂದಿತು. ಅದರೊಡನೆ ಲ್ಯಾಟಿನ್ ಲಿಪಿಯೂ ಮಠಗಳೂ ಹಲಕೆಲವು ಶಬ್ದಗಳೂ ಬಂದವು. 793ರಿಂದ ಉತ್ತರದ ಕಡಲಗಳ್ಳರ ದಾಳಿಗಳು ಮೊದಲಾದವು; ಅವರಲ್ಲಿ ಡೇನರು ಬಹುಮಂದಿ ದ್ವೀಪದ ಉತ್ತರದಲ್ಲಿಯೂ ಪೂರ್ವದಲ್ಲಿಯೂ ಬೀಡುಬಿಟ್ಟು ರೈತರಾದರು. ಅವರ ಭಾಷೆ ಇಂಗ್ಲಿಷಿಗೆ ಅಕ್ಕತಂಗಿಯಂಥದು. ಧಾತುಗಳು ಬಹುಮಟ್ಟಿಗೆ ಒಂದೇ, ಪ್ರತ್ಯಯಗಳು ಮಾತ್ರ ಬೇರೆ. ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ಇಬ್ಬರಿಗೂ ತಿಳಿಯುವ ಧಾತು ಸಾಕು. ತೊಡಕಿನ ಪ್ರತ್ಯಯವನ್ನು ಇಬ್ಬರೂ ನುಂಗಿಬಿಡುತ್ತಾರೆ. ಇಂಗ್ಲಿಷಿನ ವಿಭಕ್ತಿಗಳು ಮೊದಲು ಸವೆದದ್ದು ಈ ನೆರೆಹೊರೆಯಲ್ಲಿಯೇ ಎಂದು ವಿದ್ವಾಂಸರು ಹೇಳುತ್ತಾರೆ. ಸ್ಕೈ, ಸ್ಕಿನ್, ಎಗ್, ವಿಂಡೋ, ಹಸ್ಬೆಂಡ್, ಲಾ ಮೊದಲಾದ ಶಬ್ದಗಳು ಡೇನರ ಕಡೆಯವು. ಇವಕ್ಕಿಂತ ಆಶ್ಚರ್ಯವೆಂದರೆ, 'ಅವರು' ಎಂಬರ್ಥದ ದೇ ಎಂಬ ಸರ್ವನಾಮವೂ ಅಲ್ಲಿಯದೇ. ವಸ್ತುಗಳ ಹೆಸರನ್ನು ಎಲ್ಲ ಭಾಷೆಗಳೂ ಸಾಲ ತರುತ್ತವೆ; ಸರ್ವನಾಮವನ್ನು ಸಾಲ ತಂದ ಭಾಷೆಗಳು ವಿರಳ.

ಡೇನರನ್ನು 878ರಲ್ಲಿ ಸೋಲಿಸಿ ತಡೆದ ಆಲ್‌ಫ್ರೆಡ್ ದೊರೆಯ ಹೆಸರನ್ನು ಇಲ್ಲಿ ಹೇಳಬೇಕು. ಯುದ್ಧಗಳಿಂದ ಮಠಗಳು ಹಾಳಾಗಿ, ಲ್ಯಾಟಿನ್ ಬಲ್ಲವರೇ ರಾಜ್ಯದಲ್ಲಿ ಅಪರೂಪವಾದುದನ್ನು ಕಂಡು ಅವನು ವ್ಯಥೆಪಟ್ಟು, ಎಲ್ಲರೂ ತಿಳಿಯಬೇಕಾದ ಗ್ರಂಥಗಳನ್ನು ಜನರ ಮಾತಿಗೇ ತರಿಸಿದನು. ಕೆಲವನ್ನು ತಾನೇ ಮುಂದೆ ನಿಂತು ಭಾಷಾಂತರಿಸಿದನೆಂದು ಪ್ರತೀತಿ. ಅವನ ಕಾಲದಿಂದ ಮುಂದಕ್ಕೆ ಕಾನೂನು, ದಾನಶಾಸನ, ಧರ್ಮೋಪದೇಶ, ವರ್ಷವರ್ಷದ ಚರಿತ್ರೆ ಇವೆಲ್ಲ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟವು. ಆದುದರಿಂದ 1066ರಲ್ಲಿ ಇಂಗ್ಲಿಷು ಏನೂ ಅರಿಯದ ಹಳ್ಳಿಯ ಮಾತಾಗಿರಲಿಲ್ಲ. ಗದ್ಯವನ್ನು ಚೆನ್ನಾಗಿ ಬೆಳೆಸಿಕೊಂಡಿದ್ದ ಗ್ರಂಥಸ್ಥ ಭಾಷೆಯಾಗಿತ್ತು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಪತನದ ಆಳ ತಿಳಿಯುತ್ತದೆ.

1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಎಂಬಲ್ಲಿ ಹೆರಾಲ್ಡ್ ದೊರೆ ಯುದ್ಧದಲ್ಲಿ ಮಡಿದನು. ಗೆದ್ದವನು ಫ್ರಾನ್ಸಿನ ಉತ್ತರದ ನಾರ್ಮಂಡಿಯ ಪ್ರಭುವಾದ ವಿಲಿಯಂ. ಅವನ ಜೊತೆಗೆ ಬಂದವರು ದೇಶದ ಜನಸಂಖ್ಯೆಯ ಮುಂದೆ ಒಂದು ಹಿಡಿ. ಆದರೆ ಇಪ್ಪತ್ತು ವರ್ಷಗಳೊಳಗೆ ದೊಡ್ಡ ಜಹಗೀರುಗಳೂ ಧರ್ಮಪೀಠಗಳೂ ಬಹುತೇಕ ಅವರ ವಶವಾದವು. ಇಂಗ್ಲಿಷಿನಲ್ಲಿ ಬರೆಯಿಸುತ್ತಿದ್ದ ಪ್ರಭುಗಳೇ ಇಲ್ಲವಾದ ಮೇಲೆ ಬರೆಯುವವರು ಯಾರಿಗಾಗಿ ಬರೆಯಬೇಕು? 1086ರಲ್ಲಿ ವಿಲಿಯಂ ಮಾಡಿಸಿದ ಭೂಮಿಕಾಣಿಯ ದೊಡ್ಡ ಲೆಕ್ಕದ ಪುಸ್ತಕ ಲ್ಯಾಟಿನಿನಲ್ಲಿದೆ. ಆಲ್‌ಫ್ರೆಡನ ಕಾಲದಿಂದ ನಡೆದುಬಂದಿದ್ದ ಚರಿತ್ರಲೇಖನ ಒಂದೊಂದು ಮಠದಲ್ಲಿಯೂ ನಿಂತುಹೋಗುತ್ತ ಬಂದು, ಪೀಟರ್‌ಬರೋ ಎಂಬ ಒಂದೇ ಮಠದಲ್ಲಿ ಉಳಿದು, 1154ರ ಸಂಗತಿಯೊಡನೆ ಅಲ್ಲಿಯೂ ಮುಗಿಯಿತು. ಭಾಷೆಯನ್ನು ಯಾರೂ ನಿಷೇಧಿಸಲಿಲ್ಲ. ನಿಷೇಧಿಸುವ ಅಗತ್ಯವೂ ಇರಲಿಲ್ಲ. ಅದರಿಂದ ಯಾರಿಗೂ ಒಂದು ಉದ್ಯೋಗ ದೊರೆಯದಂತಾದರೆ ಸಾಕಾಗಿತ್ತು.

1300ರ ಸುಮಾರಿನಲ್ಲಿದ್ದ ಗ್ಲಾಸ್ಟರಿನ ರಾಬರ್ಟನೆಂಬ ಚರಿತ್ರಕಾರನು ಆ ಕಾಲದ ಸ್ಥಿತಿಯನ್ನು ಮರೆಮಾಚದೆ ಹೇಳಿದ್ದಾನೆ. ಫ್ರೆಂಚು ಬಾರದವನನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷನ್ನು ಹಿಡಿದುಕೊಂಡಿರುವವರು ಕೀಳುಜನ ಮಾತ್ರ. ತನ್ನ ಸ್ವಂತ ನುಡಿಯನ್ನು ಉಳಿಸಿಕೊಳ್ಳದ ದೇಶ ಪ್ರಪಂಚದಲ್ಲಿ ಇದೊಂದೇ ಇರಬೇಕು, ಎಂದು ಅವನ ಅಭಿಪ್ರಾಯ. ಆದರೂ ಎರಡು ಭಾಷೆಗಳನ್ನೂ ತಿಳಿದಿರುವುದು ಒಳ್ಳೆಯದೇ ಎಂದು ಅವನು ಸೇರಿಸುವುದನ್ನು ಮರೆತಿಲ್ಲ.

ಆಗಿನ ಸಮಾಜದ ಅಟ್ಟವನ್ನೂ ನೆಲವನ್ನೂ ಇಂದಿಗೂ ತೋರಿಸುವ ಒಂದು ಶಬ್ದಸಾಲು ಇಂಗ್ಲಿಷಿನಲ್ಲಿದೆ. ಕೊಟ್ಟಿಗೆಯಲ್ಲಿ ಜೀವಂತವಾಗಿರುವಾಗ ಪ್ರಾಣಿಗೆ ಇಂಗ್ಲಿಷ್ ಹೆಸರು: ಕೌ, ಶೀಪ್, ಸ್ವೈನ್. ಬೆಂದು ಪ್ರಭುವಿನ ತಟ್ಟೆಗೆ ಬಂದಾಗ ಅದಕ್ಕೆ ಫ್ರೆಂಚ್ ಹೆಸರು: ಬೀಫ್, ಮಟನ್, ಪೋರ್ಕ್. ಮೇಯಿಸಿದವನು ಒಬ್ಬ, ತಿಂದವನು ಇನ್ನೊಬ್ಬ ಎಂಬುದು ಮಾತಿನಲ್ಲಿಯೇ ಅಚ್ಚೊತ್ತಿದೆ. ಜಾನ್ ವಾಲಿಸನೆಂಬ ಗಣಿತಜ್ಞನು 1653ರಲ್ಲಿ ಅಚ್ಚಾದ ತನ್ನ ವ್ಯಾಕರಣದಲ್ಲಿ ಇದನ್ನು ಗುರುತಿಸಿದನು. ವಾಲ್ಟರ್ ಸ್ಕಾಟನು ತನ್ನ ಐವನ್‌ಹೋ ಕಾದಂಬರಿಯಲ್ಲಿ ಒಬ್ಬ ವಿದೂಷಕನ ಬಾಯಿಂದ ಹೇಳಿಸಿ ಲೋಕಪ್ರಸಿದ್ಧ ಮಾಡಿದನು. ವಾಸ್ತವವಾಗಿ ಈ ವಿಂಗಡಣೆ ಕಥೆಗಾರರು ಹೇಳುವಷ್ಟು ಚೊಕ್ಕಟವಾಗಿರಲಿಲ್ಲ. ಬೀಫ್ ಎಂದು ಜೀವಂತ ಎತ್ತನ್ನೂ ಬಹುಕಾಲ ಕರೆಯುತ್ತಿದ್ದುದುಂಟು. ಆದರೂ ಒಟ್ಟಿನಲ್ಲಿ ಮಾತು ಸುಳ್ಳಲ್ಲ.

ಹಾಗಾದರೆ ಈ ಕಾಲದಲ್ಲಿ ಇಂಗ್ಲಿಷಿಗೆ ಒಳಗೆ ಏನಾಯಿತು? ಶಾಲೆಯಿಲ್ಲ, ಉಪಾಧ್ಯಾಯನಿಲ್ಲ, ತಪ್ಪು ತಿದ್ದುವ ಪಂಡಿತನಿಲ್ಲ. ಕಾವಲಿಲ್ಲದ ಹೊಲದಂತೆ ಅದು ತನ್ನ ಮನಸ್ಸು ಬಂದಂತೆ ಬೆಳೆಯಿತು. ಡೇನರ ಕಾಲದಲ್ಲಿ ಸವೆಯತೊಡಗಿದ್ದ ಪ್ರತ್ಯಯಗಳು ಉದುರಿಯೇ ಹೋದವು. ಆ ವಿಚಿತ್ರ ಲಿಂಗವ್ಯವಸ್ಥೆ ಅಳಿದು ನಮ್ಮ ಕನ್ನಡದಲ್ಲಿರುವಂತೆ ಅರ್ಥವನ್ನನುಸರಿಸುವ ಲಿಂಗ ನಿಂತಿತು. ಪ್ರತ್ಯಯಗಳು ಹೋದ ಮೇಲೆ ಕರ್ತೃ ಯಾರು, ಕರ್ಮ ಯಾವುದು ಎಂಬುದನ್ನು ಪದಗಳ ಸ್ಥಾನವೇ ಹೇಳಬೇಕಾಯಿತು. 'ರಾಮನು ಹುಲಿಯನ್ನು ಕೊಂದನು' ಎಂಬುದನ್ನು 'ಹುಲಿಯನ್ನು ರಾಮನು ಕೊಂದನು' ಎಂದರೂ ಕನ್ನಡದಲ್ಲಿ ಸಾಯುವುದು ಹುಲಿಯೇ. ಇಂಗ್ಲಿಷಿನಲ್ಲಿ ಹಾಗೆ ಪದಗಳ ಸ್ಥಾನ ಬದಲಾಯಿಸಿದರೆ ರಾಮನ ಪ್ರಾಣಕ್ಕೆ ಸಂಚಕಾರ. ಇಂಗ್ಲಿಷ್ ವ್ಯಾಕರಣದ ಸರಳತೆಯನ್ನು ಆ ಜನಾಂಗದ ಬುದ್ಧಿಯ ಗುಣವೆಂದು ಹೊಗಳುವವರುಂಟು. ಅದು ಯಾವ ಪಂಡಿತನೂ ಕೂತು ಮಾಡಿದ ಸುಧಾರಣೆಯಲ್ಲ. ಪಂಡಿತರು ಬಿಟ್ಟುಹೋದ ಮನೆಯಲ್ಲಿ ಆಳುಗಳು ಮಾಡಿಕೊಂಡ ಅನುಕೂಲ.

ಇನ್ನು ಮರಳಿ ಬಂದ ಬಗೆ. ಇದು ಒಂದು ದಿನದಲ್ಲಿ ಆದುದಲ್ಲ, ಒಬ್ಬ ವೀರನಿಂದ ಆದುದೂ ಅಲ್ಲ. 1204ರಲ್ಲಿ ಜಾನ್ ದೊರೆ ನಾರ್ಮಂಡಿಯನ್ನು ಫ್ರಾನ್ಸಿನ ದೊರೆಗೆ ಸೋತುಕೊಂಡನು. ಅಲ್ಲಿಯವರೆಗೆ ಎರಡು ದಡಗಳಲ್ಲಿಯೂ ಆಸ್ತಿಯಿದ್ದ ಪ್ರಭುಗಳು ಒಂದು ದಡವನ್ನು ಆರಿಸಿಕೊಳ್ಳಬೇಕಾಯಿತು. ಇಬ್ಬರು ಒಡೆಯರಿಗೆ ಒಬ್ಬನೇ ಸೇವೆ ಸಲ್ಲಿಸಲಾಗದೆಂದು 1244ರಲ್ಲಿ ಫ್ರಾನ್ಸಿನ ಒಂಬತ್ತನೆಯ ಲೂಯಿಯು ಖಂಡಿತವಾಗಿ ಹೇಳಿಬಿಟ್ಟನು. ಇಂಗ್ಲೆಂಡನ್ನೇ ಆರಿಸಿಕೊಂಡವರ ಮಕ್ಕಳಿಗೆ ಫ್ರೆಂಚು ಮನೆಮಾತಾಗಿ ಉಳಿಯಲಿಲ್ಲ. ಕಷ್ಟಪಟ್ಟು ಕಲಿಯಬೇಕಾದ ಪಾಠವಾಯಿತು. 1258ರ ಅಕ್ಟೋಬರಿನಲ್ಲಿ ಮೂರನೆಯ ಹೆನ್ರಿ ಪ್ರಭುಗಳ ಒತ್ತಾಯಕ್ಕೆ ಕಟ್ಟುಬಿದ್ದು ಹೊರಡಿಸಿದ ಘೋಷಣೆಯನ್ನು ಫ್ರೆಂಚು, ಲ್ಯಾಟಿನುಗಳ ಜೊತೆಗೆ ಇಂಗ್ಲಿಷಿನಲ್ಲಿಯೂ ಬರೆದು ಜಿಲ್ಲೆಗಳಿಗೆ ಕಳುಹಿಸಿದರು. ಪ್ರಜೆಗಳ ಸಹಾಯ ಬೇಕಾದಾಗ ಪ್ರಜೆಗಳ ಮಾತು ನೆನಪಾಗುವುದು ರಾಜಕೀಯದ ಹಳೆಯ ಪದ್ಧತಿ.

ಇಲ್ಲಿ ಒಂದು ಸೋಜಿಗವುಂಟು. ಫ್ರೆಂಚ್ ಶಬ್ದಗಳು ಇಂಗ್ಲಿಷಿಗೆ ಪ್ರವಾಹದಂತೆ ನುಗ್ಗಿದ್ದು ಗೆದ್ದವರು ಬಂದ ಹೊಸತರಲ್ಲಿ ಅಲ್ಲ. 1250ರಿಂದ 1400ರವರೆಗಿನ ಕಾಲದಲ್ಲಿ, ಎಂದರೆ ಪ್ರಭುಗಳು ಫ್ರೆಂಚನ್ನು ಬಿಟ್ಟು ಇಂಗ್ಲಿಷಿಗೆ ಹೊರಳುತ್ತಿದ್ದಾಗ. ಮನೆ ಬದಲಾಯಿಸುವವರು ಪಾತ್ರೆಪಡಗಗಳನ್ನು ಹೊತ್ತು ತರುವಂತೆ ಅವರು ತಮ್ಮ ಶಬ್ದಗಳನ್ನು ಹೊತ್ತು ತಂದರು. ಗವರ್ನಮೆಂಟು, ಪಾರ್ಲಿಮೆಂಟು, ಕೌನ್ಸಿಲು, ಕೋರ್ಟು, ಜಡ್ಜಿ, ಅಪೀಲು, ವಾರಂಟು, ಸಮನ್ಸು, ಡಿಕ್ರಿ ಎಲ್ಲವೂ ಹೀಗೆ ಬಂದ ಫ್ರೆಂಚ್ ಸಾಮಾನುಗಳು. ನಮ್ಮ ಕಚೇರಿಗಳ ಕನ್ನಡದಲ್ಲಿ ಇವು ವಕೀಲ, ಫಿರ್ಯಾದಿ, ಜಾಮೀನು, ಜಪ್ತಿ ಎಂಬ ಮುಸಲ್ಮಾನ ಅರಸರ ಕಾಲದ ಮಾತುಗಳ ಮಗ್ಗುಲಲ್ಲಿ ಕುಳಿತಿವೆ. ಒಂದು ದಾವೆಯ ಕಾಗದವನ್ನು ಬಿಡಿಸಿ ಓದಿದರೆ ಎರಡು ದೇಶಗಳ ದಂಡಯಾತ್ರೆಗಳು ಒಂದೇ ಪುಟದಲ್ಲಿ ಸಿಕ್ಕುತ್ತವೆ.

1337ರಲ್ಲಿ ಫ್ರಾನ್ಸಿನೊಡನೆ ನೂರು ವರ್ಷದ ಯುದ್ಧ ಮೊದಲಾಗಿ ಫ್ರೆಂಚು ಶತ್ರುವಿನ ಭಾಷೆಯಾಯಿತು. 1348ರಲ್ಲಿ ಮಹಾಮಾರಿ ಬಂದಿತು. ಎರಡು ವರ್ಷಗಳೊಳಗೆ ದೇಶದಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಸತ್ತರು. ಬದುಕಿದ ಕೂಲಿಯವನಿಗೆ ಎಂದೂ ಇಲ್ಲದ ಬೆಲೆ ಬಂತು; ಕೂಲಿಯನ್ನು ಹಳೆಯ ದರಕ್ಕೇ ಕಟ್ಟಿಹಾಕಬೇಕೆಂದು 1351ರಲ್ಲಿ ಕಾನೂನು ಮಾಡಿದರೂ ಅದು ಪೂರಾ ನಡೆಯಲಿಲ್ಲ. ಮಠಗಳಲ್ಲಿ ಗುಂಪಾಗಿ ಬಾಳುತ್ತಿದ್ದ ವಿದ್ಯಾವಂತರು ಗುಂಪಾಗಿಯೇ ಸತ್ತರು; ಫ್ರೆಂಚಿನಲ್ಲಿ ಪಾಠ ಹೇಳಬಲ್ಲ ಉಪಾಧ್ಯಾಯರು ಸಿಕ್ಕದಾದರು. ಬಡವರ ಮೈಗೆ ಬೆಲೆ ಬಂದಾಗ ಅವರ ಮಾತಿಗೂ ಬೆಲೆ ಬಂದಿತು. ಇಂಗ್ಲಿಷಿನ ಉದ್ಧಾರಕ್ಕೆ ಕವಿಗಳು ಕಾರಣರೆಂದು ಸಾಹಿತ್ಯಚರಿತ್ರೆಗಳು ಹೇಳುತ್ತವೆ. ನಮಗಾದರೋ, ಕವಿಗಳಿಗಿಂತ ಮೊದಲು ಈ ಮಾರಿಯ ಹೆಸರನ್ನು ಹೇಳುವುದು ನ್ಯಾಯವೆಂದು ತೋರುತ್ತದೆ.

1362ರಲ್ಲಿ ಮೂರನೆಯ ಎಡ್ವರ್ಡನ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. ಫ್ರೆಂಚು ರಾಜ್ಯದಲ್ಲಿ ಬಹುಮಂದಿಗೆ ತಿಳಿಯದು. ಆದಕಾರಣ ವಾದಿಪ್ರತಿವಾದಿಗಳಿಗೆ ತಮ್ಮ ಪರವಾಗಿ ಅಥವಾ ತಮ್ಮ ವಿರುದ್ಧವಾಗಿ ಏನು ಹೇಳುತ್ತಿದ್ದಾರೆಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ಇನ್ನು ಮುಂದೆ ನ್ಯಾಯಸ್ಥಾನಗಳಲ್ಲಿ ವಾದವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದು, ದಾಖಲೆ ಲ್ಯಾಟಿನಿನಲ್ಲಿ ಇರತಕ್ಕದ್ದು, ಎಂಬುದು ಅದರ ತಾತ್ಪರ್ಯ. ಈ ಶಾಸನವನ್ನು ಯಾವ ಭಾಷೆಯಲ್ಲಿ ಬರೆದರು? ಫ್ರೆಂಚಿನಲ್ಲಿ.

ನ್ಯಾಯಸ್ಥಾನಕ್ಕಿಂತ ಶಾಲೆಯಲ್ಲಾದ ಬದಲಾವಣೆ ಹೆಚ್ಚು ಗಟ್ಟಿಯಾದುದು. ಚೆಸ್ಟರ್ ಮಠದ ರಾನುಲ್ಫ್ ಹಿಗ್ಡನನೆಂಬ ಸಂನ್ಯಾಸಿಯು ಹದಿನಾಲ್ಕನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ಚರಿತ್ರೆಯಲ್ಲಿ ಇಂಗ್ಲಿಷ್ ಮಾತು ಕೆಟ್ಟದ್ದೇಕೆ ಎಂಬುದಕ್ಕೆ ಎರಡು ಕಾರಣ ಕೊಟ್ಟಿದ್ದಾನೆ. ಬೇರೆ ಯಾವ ಜನಾಂಗದಲ್ಲಿಯೂ ಇಲ್ಲದಂತೆ ಇಲ್ಲಿ ಮಕ್ಕಳು ಸ್ವಂತ ಭಾಷೆಯನ್ನು ಬಿಟ್ಟು ಫ್ರೆಂಚಿನಲ್ಲಿ ಪಾಠದ ಅರ್ಥ ಹೇಳಬೇಕು. ಮತ್ತು ದೊಡ್ಡವರ ಮಕ್ಕಳಿಗೆ ತೊಟ್ಟಿಲಲ್ಲಿಯೇ ಫ್ರೆಂಚು ಕಲಿಸುವುದನ್ನು ಕಂಡು ಹಳ್ಳಿಯವರೂ ದೊಡ್ಡವರೆನಿಸಿಕೊಳ್ಳಲು ಪ್ರಯಾಸಪಟ್ಟು ಫ್ರೆಂಚು ಮಾತನಾಡುತ್ತಾರೆ. ಈ ಗ್ರಂಥವನ್ನು ಜಾನ್ ಟ್ರೆವೀಸನು ಇಂಗ್ಲಿಷಿಗೆ ತಿರುಗಿಸಿ 1387ರಲ್ಲಿ ಮುಗಿಸಿದನು. ಈ ಭಾಗಕ್ಕೆ ಬಂದಾಗ ಅವನು ಮೂಲದವನನ್ನು ನಿಲ್ಲಿಸಿ ತಾನೇ ಮಾತಾಡುತ್ತಾನೆ. ಹಿಗ್ಡನನು ಹೇಳಿದ್ದು ಮಾರಿಗೆ ಮುಂಚಿನ ಮಾತು. ಆಮೇಲೆ ಜಾನ್ ಕಾರ್ನ್‌ವಾಲನೆಂಬ ಉಪಾಧ್ಯಾಯನು ಪಾಠದ ಭಾಷೆಯನ್ನು ಬದಲಾಯಿಸಿದನು, ಅವನಿಂದ ಇತರರು ಕಲಿತರು. ಈಗ, 1385ರಲ್ಲಿ, ಇಂಗ್ಲೆಂಡಿನ ಎಲ್ಲ ವ್ಯಾಕರಣಶಾಲೆಗಳಲ್ಲಿಯೂ ಮಕ್ಕಳು ಫ್ರೆಂಚನ್ನು ಬಿಟ್ಟು ಇಂಗ್ಲಿಷಿನಲ್ಲಿಯೇ ಕಲಿಯುತ್ತಾರೆ ಎಂದು ಅವನು ಬರೆಯುತ್ತಾನೆ. ಅಷ್ಟಕ್ಕೇ ಬಿಡದೆ ಲಾಭನಷ್ಟಗಳನ್ನೂ ತೂಗುತ್ತಾನೆ. ಲಾಭವೆಂದರೆ, ಮಕ್ಕಳು ಮೊದಲಿಗಿಂತ ಕಡಿಮೆ ಕಾಲದಲ್ಲಿ ವ್ಯಾಕರಣ ಕಲಿಯುತ್ತಾರೆ. ನಷ್ಟವೆಂದರೆ, ಅವರಿಗೆ ತಮ್ಮ ಎಡಗಾಲ ಹಿಮ್ಮಡಿಗೆ ಗೊತ್ತಿರುವಷ್ಟು ಫ್ರೆಂಚೂ ಗೊತ್ತಿರುವುದಿಲ್ಲ. ಸಮುದ್ರ ದಾಟಿ ಪರದೇಶಕ್ಕೆ ಹೋದರೆ ಕಷ್ಟ. ಆರುನೂರು ವರ್ಷಗಳ ಮೇಲೆ ನಮ್ಮಲ್ಲಿ ಶಿಕ್ಷಣಮಾಧ್ಯಮದ ಮೇಲೆ ನಡೆದ ಚರ್ಚೆಗಳನ್ನು ಕೇಳಿರುವವರು ಈ ಮಾತುಗಳನ್ನು ಓದಿ ಒಂದು ಗಳಿಗೆ ಪುಸ್ತಕವನ್ನು ಕೆಳಗಿಡುತ್ತಾರೆ.

ಇನ್ನು ಅರಮನೆ. 1399ರಲ್ಲಿ ನಾಲ್ಕನೆಯ ಹೆನ್ರಿ ಪಾರ್ಲಿಮೆಂಟಿನ ಮುಂದೆ ಎದ್ದು ನಿಂತು ಸಿಂಹಾಸನದ ಮೇಲೆ ತನ್ನ ಹಕ್ಕನ್ನು ಇಂಗ್ಲಿಷಿನಲ್ಲಿ ಸಾರಿದನು. ಅವನ ಮಗ ಐದನೆಯ ಹೆನ್ರಿ 1417ರಲ್ಲಿ ಫ್ರಾನ್ಸಿನ ಮೇಲೆ ಎರಡನೆಯ ದಂಡಯಾತ್ರೆಗೆ ಹೋದಾಗ ಅಲ್ಲಿಂದ ತನ್ನ ಮಂತ್ರಿಗಳಿಗೂ ಪಟ್ಟಣಗಳಿಗೂ ಇಂಗ್ಲಿಷಿನಲ್ಲಿ ಕಾಗದ ಬರೆಯಿಸತೊಡಗಿದನು. ಇದರ ಫಲ ಕಂಡದ್ದು ಪಂಡಿತರ ಮಂಡಲಿಯಲ್ಲಿ ಅಲ್ಲ, ಬೀರು ಕಾಸುವವರ ಸಂಘದಲ್ಲಿ. 1422ರಲ್ಲಿ ಲಂಡನ್ನಿನ ಈ ಸಂಘದವರು ಇನ್ನು ಮೇಲೆ ತಮ್ಮ ಲೆಕ್ಕಪತ್ರಗಳನ್ನು ಇಂಗ್ಲಿಷಿನಲ್ಲಿ ಇಡಬೇಕೆಂದು ನಿರ್ಣಯಿಸಿದರು. ಕಾರಣವನ್ನೂ ಬರೆದಿಟ್ಟಿದ್ದಾರೆ: ನಮ್ಮ ದೊರೆಯೇ ತನ್ನ ಕಾಗದಗಳಲ್ಲಿ ಈ ಭಾಷೆಯನ್ನು ಬಳಸುತ್ತಿದ್ದಾನೆ, ನಮ್ಮಲ್ಲಿ ಇಂಗ್ಲಿಷು ಓದು ಬರಹ ಬಲ್ಲವರು ಹಲವರಿದ್ದಾರೆ, ಲ್ಯಾಟಿನೂ ಫ್ರೆಂಚೂ ಬಲ್ಲವರಿಲ್ಲ. ಅಜ್ಞಾತವಾಸ ಮುಗಿದ ತಾರೀಖನ್ನು ಗೊತ್ತುಮಾಡಲೇಬೇಕೆಂದರೆ ನಾವು ಹೆನ್ರಿಯ ಸಿಂಹಾಸನವನ್ನು ಬಿಟ್ಟು ಈ ಲೆಕ್ಕದ ಪುಸ್ತಕವನ್ನೇ ತೋರಿಸುತ್ತೇವೆ.

ಈ ಮಧ್ಯೆ ಛಾಸರನು ಬಂದುಹೋಗಿದ್ದನು. ಅವನ ವೃತ್ತಿ ಕವಿತ್ವವಲ್ಲ. 1374ರಿಂದ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಅಧಿಕಾರಿ. ಫ್ರೆಂಚು, ಲ್ಯಾಟಿನ್, ಇಟಾಲಿಯನ್ ಬಲ್ಲವನು ಇಂಗ್ಲಿಷಿನಲ್ಲಿಯೇ ಬರೆದನು. ಅವನ ಗೆಳೆಯ ಗೋವರನು ಧೈರ್ಯ ಸಾಲದೆ ಒಂದು ಮಹಾಕಾವ್ಯವನ್ನು ಫ್ರೆಂಚಿನಲ್ಲಿಯೂ ಒಂದನ್ನು ಲ್ಯಾಟಿನಿನಲ್ಲಿಯೂ ಒಂದನ್ನು ಇಂಗ್ಲಿಷಿನಲ್ಲಿಯೂ ಬರೆದಿಟ್ಟನು. ಮೂರರಲ್ಲಿ ಯಾವುದಾದರೊಂದು ಉಳಿಯದಿರಲಾರದೆಂದು ಅವನ ಎಣಿಕೆ ಇದ್ದಿರಬೇಕು.

ಅರಮನೆಗೆ ಮರಳಿದರೂ ಇಂಗ್ಲಿಷು ಇನ್ನೂ ಒಂದು ಭಾಷೆಯಾಗಿರಲಿಲ್ಲ, ಸೀಮೆಗೊಂದು ಮಾತು. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದ ಕ್ಯಾಕ್ಸ್‌ಟನ್ನನಿಗೆ ಇದೇ ದೊಡ್ಡ ತಲೆನೋವು. 1490ರ ಒಂದು ಪುಸ್ತಕದ ಮುನ್ನುಡಿಯಲ್ಲಿ ಅವನು ಒಂದು ಕಥೆ ಹೇಳುತ್ತಾನೆ. ಥೇಮ್ಸ್ ನದಿಯಿಂದ ಹೊರಟ ಹಡಗು ಗಾಳಿಯಿಲ್ಲದೆ ನಿಂತಿತು. ವರ್ತಕನೊಬ್ಬನು ದಡಕ್ಕೆ ಹೋಗಿ ಒಂದು ಮನೆಯ ಹೆಂಗಸನ್ನು ಎಗ್ ಕೊಡೆಂದು ಕೇಳಿದನು. ತನಗೆ ಫ್ರೆಂಚು ಬಾರದೆಂದಳು ಆಕೆ. ತನಗೂ ಬಾರದೆಂದು ವರ್ತಕನಿಗೆ ಸಿಟ್ಟು. ಕೊನೆಗೆ ಇನ್ನೊಬ್ಬನು, ಇವನಿಗೆ ಬೇಕಾದ್ದು ಐರೆನ್ ಎಂದ ಮೇಲೆ ಆಕೆಗೆ ಅರ್ಥವಾಯಿತು. ಐರೆನ್ ಎಂದರೂ ಮೊಟ್ಟೆಯೇ. ಅದು ಆಲ್‌ಫ್ರೆಡನ ಕಾಲದಿಂದ ಬಂದ ಅಚ್ಚ ಇಂಗ್ಲಿಷು. ಎಗ್ ಎಂಬುದು ಡೇನರದು. ಆರುನೂರು ವರ್ಷ ಕಳೆದರೂ ಆ ಹೆಂಗಸಿಗೆ ಡೇನರ ಮಾತು ಮುಟ್ಟಿರಲಿಲ್ಲ. ಅಚ್ಚಿನಲ್ಲಿ ಯಾವುದನ್ನು ಹಾಕಬೇಕೆಂದು ಕ್ಯಾಕ್ಸ್‌ಟನ್ನನು ಕೇಳುತ್ತಾನೆ. ಗೆದ್ದದ್ದು ಲಂಡನ್ನಿನ ಮಾತು, ಐರೆನ್ ಅಳಿದುಹೋಯಿತು.

ಅಚ್ಚು ಬಂದ ಗಳಿಗೆಯೂ ವಿಚಿತ್ರವಾಗಿತ್ತು. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಸ್ಥಾನಗಳನ್ನು ಬಿಟ್ಟು ಕದಲಿದವು. ಛಾಸರನ ಕಾಲದಲ್ಲಿ ಹೆಸರು ಎಂಬರ್ಥದ ಶಬ್ದವನ್ನು ಉಚ್ಚರಿಸುತ್ತಿದ್ದುದು ನಮ್ಮ ಕಿವಿಗೆ ಬಹುಮಟ್ಟಿಗೆ 'ನಾಮ' ಎಂದೇ ಕೇಳುತ್ತಿತ್ತು. ಈಗ ಅದು ನೇಮ್. ಉಚ್ಚಾರಣೆ ಓಡುತ್ತಿದ್ದಾಗ ಅಚ್ಚುಕೂಟದವರು ಅಕ್ಷರಗಳನ್ನು ಮೊಳೆ ಹೊಡೆದು ನಿಲ್ಲಿಸಿದರು. ಇದರ ಮೇಲೆ ಪಂಡಿತರ ಉಪಕಾರ ಬೇರೆ. ಡೆಟ್ ಎಂಬುದಕ್ಕೆ ಮೂಲ ಲ್ಯಾಟಿನಿನಲ್ಲಿ ಬಕಾರವುಂಟೆಂದು, ಯಾರೂ ಉಚ್ಚರಿಸದ ಒಂದು ಬಕಾರವನ್ನು ನಡುವೆ ಸೇರಿಸಿದರು. ನಮ್ಮ ಮಕ್ಕಳು ಇಂಗ್ಲಿಷಿನ ಕಾಗುಣಿತಕ್ಕಾಗಿ ತಿಂದ ಏಟುಗಳಲ್ಲಿ ಕೆಲವು ಈ ಪಂಡಿತರ ಲೆಕ್ಕಕ್ಕೆ ಸೇರತಕ್ಕವು.

ಫ್ರೆಂಚಿನ ಪೀಡೆ ತೊಲಗಿದ ಮೇಲೂ ಲ್ಯಾಟಿನಿನ ದೊಡ್ಡಸ್ತಿಕೆ ಉಳಿದಿತ್ತು. ಲಂಡನ್ನಿನ ಪ್ರಸಿದ್ಧ ಉಪಾಧ್ಯಾಯನಾದ ರಿಚರ್ಡ್ ಮಲ್ಕಾಸ್ಟರನು 1582ರಲ್ಲಿ ಇಂಗ್ಲಿಷಿನ ಪರವಾಗಿ ಒಂದು ಗ್ರಂಥವನ್ನು ಬರೆದಾಗ, ನಮ್ಮ ಭಾಷೆಯ ವ್ಯಾಪ್ತಿ ಅಲ್ಪ, ಅದು ಈ ದ್ವೀಪವನ್ನು ದಾಟದು, ದ್ವೀಪದಲ್ಲಿಯೂ ಎಲ್ಲೆಡೆ ಇಲ್ಲ, ಎಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕಾಯಿತು. ಆಗ ಷೇಕ್ಸ್‌ಪಿಯರನಿಗೆ ಹದಿನೆಂಟು ವರ್ಷ. ಬೇಕನ್ನನಿಗೂ ಇಂಗ್ಲಿಷಿನ ಬಾಳಿಕೆಯಲ್ಲಿ ನಂಬಿಕೆಯಿರಲಿಲ್ಲ. 1605ರಲ್ಲಿ ಇಂಗ್ಲಿಷಿನಲ್ಲಿ ಬರೆದ ತನ್ನ ಗ್ರಂಥವನ್ನು ಬೆಳೆಸಿ 1623ರಲ್ಲಿ ಲ್ಯಾಟಿನಿನಲ್ಲಿ ಹೊರತಂದನು. ಶಬ್ದಗಳು ಸಾಲದೆಂದು ಲ್ಯಾಟಿನು ಗ್ರೀಕುಗಳಿಂದ ಸಾವಿರಾರು ತಂದು ತುಂಬಿದವರನ್ನು ಮಸಿಕುಡಿಕೆಯ ಪಂಡಿತರೆಂದು ಹಾಸ್ಯಮಾಡಿದರು. ಕೇಂಬ್ರಿಡ್ಜಿನ ಗ್ರೀಕ್ ವಿದ್ವಾಂಸನಾದ ಸರ್ ಜಾನ್ ಚೀಕನು ಬೈಬಲಿನ ಒಂದು ಭಾಗವನ್ನು ಭಾಷಾಂತರಿಸುವಾಗ ಪರಭಾಷೆಯ ಶಬ್ದಗಳನ್ನು ಸಾಧ್ಯವಾದಷ್ಟು ಬಿಟ್ಟು, ಶತಾಧಿಪತಿಗೆ ಹಂಡ್ರೆಡರ್ ಎಂದು ಅಚ್ಚ ಇಂಗ್ಲಿಷನ್ನೇ ಕಟ್ಟಿದನು. ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಕಬ್ಬಿಗರ ಕಾವವನ್ನು ಬರೆದ ನಮ್ಮ ಆಂಡಯ್ಯನಿಗೆ ಅಲ್ಲೊಬ್ಬ ಜೊತೆಗಾರ. ಆಂಡಯ್ಯನಿಗಾದಂತೆ ಅವನಿಗೂ ಮೆಚ್ಚಿಕೆ ದೊರೆಯಿತು, ಹಿಂಬಾಲಕರು ಹೆಚ್ಚಾಗಿ ದೊರೆಯಲಿಲ್ಲ. ವಿಜ್ಞಾನ ಯಾವಾಗ ಇಂಗ್ಲಿಷಿಗೆ ಬಂದಿತೆಂಬುದನ್ನು ನ್ಯೂಟನ್ನನ ಎರಡು ಗ್ರಂಥಗಳೇ ಹೇಳುತ್ತವೆ. 1687ರ ಪ್ರಿನ್ಸಿಪಿಯಾ ಲ್ಯಾಟಿನಿನಲ್ಲಿದೆ. 1704ರಲ್ಲಿ ಬೆಳಕನ್ನು ಕುರಿತು ಅಚ್ಚಾದ ಆಪ್ಟಿಕ್ಸ್ ಇಂಗ್ಲಿಷಿನಲ್ಲಿದೆ.

ಎಲ್ಲರಿಗಿಂತ ಕೊನೆಗೆ ಮಣಿದವರು ವಕೀಲರು. 1362ರ ಶಾಸನವಾದ ಮೇಲೂ ಅವರು ತಮ್ಮ ಟಿಪ್ಪಣಿಗಳನ್ನೂ ವರದಿಗಳನ್ನೂ ಫ್ರೆಂಚಿನಲ್ಲಿಯೇ ಬರೆದುಕೊಂಡು ಬಂದರು. ಆ ಫ್ರೆಂಚು ಯಾವ ಫ್ರೆಂಚನಿಗೂ ತಿಳಿಯುವಂಥದಲ್ಲ. 1631ರಲ್ಲಿ ಸಾಲ್ಸ್‌ಬರಿಯಲ್ಲಿ ಶಿಕ್ಷೆಗೊಳಗಾದ ಕೈದಿಯೊಬ್ಬನು ನ್ಯಾಯಾಧೀಶನ ಮೇಲೆ ಇಟ್ಟಿಗೆಯ ಚೂರನ್ನು ಬೀಸಿದನು; ಅದು ಸ್ವಲ್ಪದರಲ್ಲಿ ತಪ್ಪಿತು. ಇದನ್ನು ಬರೆದಿಟ್ಟವನ ಫ್ರೆಂಚಿನಲ್ಲಿ ಇಟ್ಟಿಗೆಯ ಚೂರೂ ಇಂಗ್ಲಿಷೇ, ಸ್ವಲ್ಪದರಲ್ಲಿ ತಪ್ಪಿದ್ದೂ ಇಂಗ್ಲಿಷೇ. ನಮ್ಮ ಪೇಟೆಬೀದಿಯ ಬೆರಕೆಮಾತನ್ನು ಕೇಳಿದಂತಾಗುತ್ತದೆ. ಇಷ್ಟಾದರೂ ಅದನ್ನು ಬಿಡಲಿಲ್ಲವೇಕೆ? ಕಕ್ಷಿಗಾರನಿಗೆ ತಿಳಿಯದಿರುವುದರಲ್ಲಿಯೇ ವೃತ್ತಿಯ ಗೌರವ ಅಡಗಿತ್ತೆಂದು ಕಾಣುತ್ತದೆ. ದೊರೆಯಿಲ್ಲದ ಪ್ರಜಾಪ್ರಭುತ್ವದ ಕಾಲದಲ್ಲಿ, 1650ರಲ್ಲಿ, ಇದನ್ನು ರದ್ದುಮಾಡಿದರು. 1660ರಲ್ಲಿ ದೊರೆ ಮರಳಿದೊಡನೆ ಫ್ರೆಂಚೂ ಮರಳಿತು. ಕೊನೆಗೆ 1731ರಲ್ಲಿ ಪಾರ್ಲಿಮೆಂಟು ಇನ್ನೊಂದು ಶಾಸನವನ್ನು ಮಾಡಿ, 1733ರ ಮಾರ್ಚ್ 25ರಿಂದ ಇಂಗ್ಲೆಂಡಿನ ನ್ಯಾಯಸ್ಥಾನಗಳ ವ್ಯವಹಾರವೂ ದಾಖಲೆಯೂ ಇಂಗ್ಲಿಷಿನಲ್ಲಿಯೇ ಇರತಕ್ಕದ್ದೆಂದು ವಿಧಿಸಿತು. ಮೊದಲನೆಯ ಶಾಸನದಿಂದ ಇದಕ್ಕೆ ಮುನ್ನೂರ ಅರವತ್ತೊಂಬತ್ತು ವರ್ಷ. ಆಮೇಲೂ ಬ್ಲ್ಯಾಕ್‌ಸ್ಟನ್ ಮಹಾಶಯನು, ಇದರಿಂದ ಜನಕ್ಕೆ ಕಾನೂನು ಮೊದಲಿಗಿಂತ ಹೆಚ್ಚೇನೂ ತಿಳಿಯಲಿಲ್ಲವೆಂದು ತನ್ನ ಪ್ರಸಿದ್ಧ ವ್ಯಾಖ್ಯಾನದಲ್ಲಿ ಗೊಣಗಿದ್ದಾನೆ. ಕೆಲವು ಪಾರಿಭಾಷಿಕ ಶಬ್ದಗಳನ್ನು ಇಂಗ್ಲಿಷಿಗೆ ತಿರುಗಿಸಿದರೆ ನಗೆಪಾಟಲಾಗುವುದೆಂದು ತೋರಿ, 1733ರಲ್ಲಿಯೇ ಅವುಗಳಿಗೆ ವಿನಾಯಿತಿ ಕೊಡಬೇಕಾಯಿತು. ಹಾಗೆ ಉಳಿದುಕೊಂಡವುಗಳಲ್ಲಿ ಒಂದು, ಸೆರೆಯಲ್ಲಿಟ್ಟವನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಬೇಕೆಂಬ ಆಜ್ಞೆ. ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ಅದನ್ನು ಬೇಡುವ ಅರ್ಜಿಗೆ ಇಂದಿಗೂ ಹೇಬಿಯಸ್ ಕಾರ್ಪಸ್ ಎಂದೇ ಹೆಸರು.